ಏನನ್ನು ಬರೆಯದೆ ಬಿಡಬೇಕು?

ಕೆಲವು ತಿಂಗಳ ಹಿಂದೆ ನಮ್ಮ ಕಣ್ಣಿಗೆ ಬಿದ್ದ ಒಂದು ಚಿತ್ರಪಟದ ಸಂಗತಿಯಿಂದ ಈ ಲೇಖನವನ್ನು ಆರಂಭಿಸುವುದು ಯುಕ್ತವೆಂದು ತೋರುತ್ತದೆ. ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ತಾವು ಸಿದ್ಧಪಡಿಸಿದ ಪ್ರಾಜೆಕ್ಟುಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಭೌತಶಾಸ್ತ್ರದ ಪಾಠ ಹೇಳುವ ನಮ್ಮನ್ನೂ ಅಂಕ ಕೊಡುವ ಮೂವರಲ್ಲಿ ಒಬ್ಬರನ್ನಾಗಿ ಕರೆದಿದ್ದರು. ನಾಲ್ವರು ವಿದ್ಯಾರ್ಥಿಗಳು ಸೇರಿ ಕಾಲೇಜಿನ ಪುಸ್ತಕಭಂಡಾರಕ್ಕಾಗಿ ಒಂದು ತಂತ್ರಾಂಶವನ್ನು ರಚಿಸಿ, ಅದರ ಒಳರಚನೆಯನ್ನು ತೋರಿಸುವ ರೇಖಾಚಿತ್ರವನ್ನು ಗೋಡೆಗೆ ತೂಗುಹಾಕಿದ್ದರು. ಹಾಳೆ ಬಾಗಿಲಿನಷ್ಟು ಎತ್ತರವಿತ್ತು. ಅದರಲ್ಲಿ ನಲವತ್ತಕ್ಕೂ ಮಿಕ್ಕ ಚೌಕಗಳು; ಒಂದೊಂದು ಚೌಕದೊಳಗೂ ಸಣ್ಣ ಅಕ್ಷರದ ಹತ್ತು ಹದಿನೈದು ಸಾಲುಗಳು; ಚೌಕದಿಂದ ಚೌಕಕ್ಕೆ, ಒಂದರ ಮೇಲೊಂದು ಹಾಯ್ದು ಹೋಗುವ ಗೆರೆಗಳು; ಗೆರೆಗಳ ನಡುವೆ ಕೆಂಪು, ಹಸುರು, ನೀಲಿ ಬಣ್ಣಗಳು. ನೋಡಿದವರೆಲ್ಲರೂ "ಎಷ್ಟು ಶ್ರಮಪಟ್ಟಿದ್ದಾರೆ!" ಎಂದರು. ನಾವೂ ಹಾಗೆಯೇ ಅಂದು ಒಳ್ಳೆಯ ಅಂಕಗಳನ್ನೇ ಕೊಟ್ಟು ಬಂದೆವು. ಆದರೆ ಆ ಹಾಳೆಯನ್ನು ನಾವು ಓದಲಿಲ್ಲ. ಓದಲು ತೊಡಗಿ ಎರಡನೆಯ ನಿಮಿಷದಲ್ಲಿಯೇ ಕೈಬಿಟ್ಟೆವು. ಕೈಬಿಟ್ಟೆವೆಂದು ಬಾಯಿಬಿಟ್ಟು ಹೇಳಲು ಸಂಕೋಚವಾಯಿತು.

ಆ ತಂತ್ರಾಂಶವನ್ನು ಭಂಡಾರದಲ್ಲಿ ಪ್ರಯೋಗಕ್ಕೆ ಇಟ್ಟ ಮೊದಲ ವಾರದಲ್ಲಿಯೇ ಒಂದು ವಿಚಿತ್ರವು ಕಂಡುಬಂದಿತು. ಒಂದು ಪುಸ್ತಕದ ಮೂರು ಪ್ರತಿಗಳಲ್ಲಿ ಒಂದನ್ನು ಯಾರಾದರೂ ಎರವಲು ಪಡೆದರೆ ಸಾಕು, ಉಳಿದೆರಡು ಪ್ರತಿಗಳು ಕಪಾಟಿನಲ್ಲಿ ಕುಳಿತಿದ್ದರೂ, ಪುಸ್ತಕ ಹೊರಗೆ ಹೋಗಿದೆಯೆಂದು ಯಂತ್ರವು ಹೇಳುತ್ತಿತ್ತು. ಕಾರಣ ಸರಳವಾದುದು. ಗ್ರಂಥಕರ್ತನು ಬರೆದ ‘ಪುಸ್ತಕ’ ಬೇರೆ, ಕಪಾಟಿನಲ್ಲಿರುವ ಅದರ ‘ಪ್ರತಿ’ ಬೇರೆ ಎಂಬ ಭೇದವನ್ನು ರಚನೆಯಲ್ಲಿ ಮಾಡಿರಲಿಲ್ಲ. ಎರಡಕ್ಕೂ ಸೇರಿ ಒಂದೇ ಚೌಕವಿತ್ತು. ಭಂಡಾರದಲ್ಲಿ ಪುಸ್ತಕ ಎತ್ತಿಕೊಡುವ ಸಹಾಯಕರಿಗೂ ಗೊತ್ತಿರುವ ಈ ಭೇದವು ನಾಲ್ವರು ವಿದ್ಯಾರ್ಥಿಗಳ, ಅವರ ಮಾರ್ಗದರ್ಶಕರ, ಮೂವರು ಪರೀಕ್ಷಕರ ಕಣ್ಣು ತಪ್ಪಿಸಿಕೊಂಡುದು ಹೇಗೆ? ತಪ್ಪು ಹಾಳೆಯ ನಡುಮಧ್ಯದಲ್ಲಿಯೇ ಇತ್ತು. ಅದನ್ನು ಮರೆಮಾಡಿದ್ದುದು ಸುತ್ತಲಿನ ಉಳಿದ ಚೌಕಗಳು.

ವಿದ್ಯಾರ್ಥಿಗಳನ್ನು ದೂರುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಓದಲಾರದ ಚಿತ್ರಕ್ಕೆ ಅಂಕ ಕೊಟ್ಟವರು ನಾವು. ಚಿತ್ರವು ತುಂಬಿದಷ್ಟೂ ವಿದ್ವತ್ತು ಹೆಚ್ಚೆಂಬ ಭಾವನೆಯನ್ನು ಅವರಲ್ಲಿ ಬೆಳೆಸಿದವರೂ ನಮ್ಮಂತಹವರೇ. ಈ ಭಾವನೆ ತಪ್ಪೆಂಬುದೇ ನಮ್ಮ ವಾದ. ರೇಖಾಚಿತ್ರವೊಂದು ಗೋಜಲಾಗುವುದಕ್ಕೆ ವಿಷಯದ ಗಾತ್ರ ಮುಖ್ಯ ಕಾರಣವೆಂದು ನಮಗೆ ತೋರುವುದಿಲ್ಲ. ತನ್ನ ಚಿತ್ರವು ಯಾವ ಪ್ರಶ್ನೆಗೆ ಉತ್ತರ ಹೇಳಬೇಕು ಎಂಬುದನ್ನು ಬರೆಯುವವನು ನಿಶ್ಚಯಿಸಿಕೊಳ್ಳದಿರುವುದೇ ಬಹುಮಟ್ಟಿಗೆ ಅದರ ಮೂಲ. ನಿಶ್ಚಯಿಸಿಕೊಳ್ಳದವನಿಗೆ ಯಾವುದನ್ನೂ ಬಿಡಲು ಧೈರ್ಯ ಬರುವುದಿಲ್ಲ. ಆದುದರಿಂದ ಎಲ್ಲವನ್ನೂ ಬರೆದುಬಿಡುತ್ತಾನೆ.

ಈ ಚಿತ್ರಗಳ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಕಂಪ್ಯೂಟರಿಗೆ ಕೊಡುವ ಆದೇಶಗಳ ಸರಣಿ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಾಲುಗಳಷ್ಟು ಉದ್ದವಿರುತ್ತದೆ. ಅದನ್ನು ಕಟ್ಟುವ ಮೊದಲು, ಕಟ್ಟಿದ ಮೇಲೆ, ಅದರ ಭಾಗಗಳಾವುವು, ಅವುಗಳಿಗೆ ಪರಸ್ಪರ ಸಂಬಂಧವೇನು ಎಂಬುದನ್ನು ಮನೆಯ ನಕ್ಷೆಯಂತೆ ಚಿತ್ರದಲ್ಲಿ ಬರೆದುಕೊಳ್ಳುವ ರೂಢಿಯಿದೆ. ೧೯೪೦ರ ದಶಕದಲ್ಲಿಯೇ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ತಮ್ಮ ಗಣನೆಯ ಹೆಜ್ಜೆಗಳನ್ನು ಪ್ರವಾಹಚಿತ್ರಗಳಾಗಿ ಬರೆದಿದ್ದರು. ಮುಂದೆ ಒಬ್ಬೊಬ್ಬರು ಒಂದೊಂದು ಬಗೆಯ ಚಿಹ್ನೆಗಳನ್ನು ಬಳಸತೊಡಗಿದಾಗ ಗೊಂದಲವುಂಟಾಯಿತು. ಅದನ್ನು ಪರಿಹರಿಸಲು ಗ್ರೇಡಿ ಬೂಚ್, ಜೇಮ್ಸ್ ರಂಬೋ, ಐವಾರ್ ಜೇಕಬ್‌ಸನ್ ಎಂಬ ಮೂವರು ತಮ್ಮ ತಮ್ಮ ಪದ್ಧತಿಗಳನ್ನು ಕೂಡಿಸಿ ಯು.ಎಂ.ಎಲ್. ಎಂಬ ಚಿಹ್ನಾಭಾಷೆಯನ್ನು ರೂಪಿಸಿದರು. ೧೯೯೭ರಲ್ಲಿ ಅದಕ್ಕೆ ಮಾನಕದ ಪದವಿ ದೊರೆಯಿತು. ಇಂದು ಅದರಲ್ಲಿ ೧೪ ಬಗೆಯ ಚಿತ್ರಗಳಿವೆ. ನಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಯಲ್ಲಿ ಬರೆಯುವುದು ಹೆಚ್ಚಾಗಿ ಇವುಗಳಲ್ಲಿ ಮೂರೋ ನಾಲ್ಕೋ ಬಗೆಗಳನ್ನು. ಪ್ರೋಗ್ರಾಮನ್ನು ಓದಿ ಚಿತ್ರವನ್ನು ತಾನೇ ಬರೆದುಕೊಡುವ ಸಾಧನಗಳೂ ಈಗ ಇವೆ. ಒಂದು ಗುಂಡಿ ಒತ್ತಿದರೆ ನಾನೂರು ಚೌಕಗಳು ಹೊರಬೀಳುತ್ತವೆ! ಬರೆಯುವ ಶ್ರಮವು ಇಲ್ಲವಾದುದರಿಂದ ಬಿಡುವ ವಿವೇಕವೂ ಇಲ್ಲವಾಗಿದೆಯೇನೋ ಎಂದು ಕೆಲವೊಮ್ಮೆ ನಮಗನ್ನಿಸುತ್ತದೆ.

ಭೌತಶಾಸ್ತ್ರದವರಿಗೆ ಈ ವಿಷಯದಲ್ಲಿ ತಲೆಹಾಕುವ ಅಧಿಕಾರವೇನು ಎಂದು ಯಾರಾದರೂ ಕೇಳಬಹುದು. ಚಿತ್ರದಿಂದ ವಸ್ತುಗಳನ್ನು ಹೊರಗೆ ಹಾಕುವುದೇ ನಮ್ಮ ನಿತ್ಯದ ಕಸುಬು ಎಂಬುದು ನಮ್ಮ ಉತ್ತರ. ಓರೆ ಹಲಗೆಯ ಮೇಲೆ ಮರದ ದಿಮ್ಮಿಯೊಂದು ಜಾರುತ್ತಿದೆ ಎನ್ನೋಣ. ಹೈಸ್ಕೂಲಿನಿಂದ ಹೊಸದಾಗಿ ಬಂದ ವಿದ್ಯಾರ್ಥಿಯು ಹಲಗೆ, ಅದನ್ನು ಹೊತ್ತ ಮೇಜು, ದಿಮ್ಮಿಯ ಮರದ ಎಳೆಗಳು ಎಲ್ಲವನ್ನೂ ಅಂದವಾಗಿ ಬರೆಯುತ್ತಾನೆ. ಲೆಕ್ಕ ಮಾತ್ರ ಬರುವುದಿಲ್ಲ. ಹಲಗೆಯನ್ನೂ ಮೇಜನ್ನೂ ಅಳಿಸಿ, ದಿಮ್ಮಿಯ ಜಾಗದಲ್ಲಿ ಒಂದು ಚುಕ್ಕೆಯನ್ನಿಟ್ಟು, ಕೆಳಕ್ಕೆ ಅದರ ತೂಕ, ಹಲಗೆಗೆ ಲಂಬವಾಗಿ ಅದರ ಪ್ರತಿಕ್ರಿಯೆ, ಜಾರುವ ದಿಕ್ಕಿಗೆ ಎದುರಾಗಿ ಘರ್ಷಣೆ ಎಂದು ಮೂರೇ ಬಾಣಗಳನ್ನು ಬರೆದಾಗ ಲೆಕ್ಕವು ತಾನಾಗಿ ಬಿಚ್ಚಿಕೊಳ್ಳುತ್ತದೆ. ದಿಮ್ಮಿಯ ಬಣ್ಣ ಸುಳ್ಳೇನೂ ಅಲ್ಲ. ನಮ್ಮ ಪ್ರಶ್ನೆಗೆ ಅದರ ಸಂಬಂಧವಿಲ್ಲ, ಅಷ್ಟೆ.

ವಿದ್ಯುನ್ಮಂಡಲದ ಚಿತ್ರದಲ್ಲಿ ಇನ್ನೂ ಸೊಗಸಾದ ಒಂದು ಉಪಾಯವಿದೆ. ರೇಡಿಯೋದಂತಹ ಉಪಕರಣದಲ್ಲಿ ನೂರಾರು ಬಿಡಿಭಾಗಗಳು ಒಂದೇ ಸಾಮಾನ್ಯ ತಂತಿಗೆ, ಎಂದರೆ ‘ಭೂಮಿ’ಗೆ, ಸೇರಿರುತ್ತವೆ. ಆ ತಂತಿಗಳನ್ನೆಲ್ಲ ಗೆರೆಗಳಾಗಿ ಎಳೆದರೆ ಚಿತ್ರವು ಜೇಡನ ಬಲೆಯಾಗುತ್ತದೆ. ಆದುದರಿಂದ ಯಾರೂ ಹಾಗೆ ಎಳೆಯುವುದಿಲ್ಲ. ಸೇರಬೇಕಾದ ಕಡೆಯಲ್ಲೆಲ್ಲ ಮೂರು ಅಡ್ಡಗೀಟುಗಳ ಒಂದು ಪುಟ್ಟ ಚಿಹ್ನೆಯನ್ನಿಟ್ಟು ಬಿಡುತ್ತಾರೆ. ಆ ಚಿಹ್ನೆಗಳೆಲ್ಲವೂ ಒಂದಕ್ಕೊಂದು ಕೂಡಿವೆಯೆಂಬುದು ಓದುವವನಿಗೆ ಗೊತ್ತು. ತಂತ್ರಾಂಶದ ಚಿತ್ರಗಳಲ್ಲಿಯೂ ಇಂತಹ ‘ಭೂಮಿ’ಗಳಿವೆ. ನಡೆದುದನ್ನೆಲ್ಲ ದಾಖಲೆಪುಸ್ತಕದಲ್ಲಿ ಬರೆದಿಡುವ ಭಾಗ, ಬಳಸುವವನ ಗುರುತನ್ನು ಪರೀಕ್ಷಿಸುವ ಭಾಗ ಇಂತಹವಕ್ಕೆ ಉಳಿದ ಪ್ರತಿಯೊಂದು ಚೌಕದಿಂದಲೂ ಒಂದು ಗೆರೆ ಹೋಗುತ್ತದೆ. ನಾವು ಮೇಲೆ ಹೇಳಿದ ಪುಸ್ತಕಭಂಡಾರದ ಹಾಳೆಯನ್ನು ಆಮೇಲೆ ತರಿಸಿಕೊಂಡು ಎಣಿಸಿದೆವು. ಹಾಳೆಯ ಗೆರೆಗಳಲ್ಲಿ ಮೂರರಲ್ಲೊಂದು ಪಾಲು ಇಂತಹ ಎರಡೇ ಚೌಕಗಳ ಕಡೆಗೆ ಓಡುತ್ತಿದ್ದವು. ‘ಪ್ರತಿಯೊಂದು ಭಾಗವೂ ದಾಖಲೆಯ ಭಾಗವನ್ನು ಬಳಸುತ್ತದೆ’ ಎಂದು ಹಾಳೆಯ ಮೂಲೆಯಲ್ಲಿ ಒಂದು ಸಾಲು ಬರೆದಿದ್ದರೆ ಅಷ್ಟೂ ಗೆರೆಗಳನ್ನು ತೆಗೆದುಹಾಕಬಹುದಾಗಿತ್ತು. ತಿಳಿವಳಿಕೆಯಲ್ಲಿ ಎಳ್ಳಷ್ಟೂ ನಷ್ಟವಾಗುತ್ತಿರಲಿಲ್ಲ.

ನಷ್ಟವಿಲ್ಲದೆ ಗೋಜಲನ್ನು ಕಳೆಯಬಹುದೆಂಬ ಮಾತಿಗೆ ಇದಕ್ಕಿಂತ ಬಲವಾದ ನಿದರ್ಶನವೊಂದು ತಂತ್ರಾಂಶದ ಇತಿಹಾಸದಲ್ಲಿಯೇ ಇದೆ. ೧೯೮೦ರ ದಶಕದ ಆರಂಭದಲ್ಲಿ ಇಸ್ರೇಲಿನ ಡೇವಿಡ್ ಹರೆಲ್ ಎಂಬ ಗಣಕವಿಜ್ಞಾನಿಯು ಆ ದೇಶದಲ್ಲಿ ಕಟ್ಟುತ್ತಿದ್ದ ಲಾವಿ ಎಂಬ ಯುದ್ಧವಿಮಾನದ ಎಂಜಿನಿಯರುಗಳಿಗೆ ಸಲಹೆಗಾರರಾಗಿದ್ದರು. ವಿಮಾನದ ಎಲೆಕ್ಟ್ರಾನಿಕ್ ವ್ಯವಸ್ಥೆಯು ಯಾವ ಸ್ಥಿತಿಯಲ್ಲಿದ್ದಾಗ ಯಾವ ಗುಂಡಿಯನ್ನು ಒತ್ತಿದರೆ ಏನಾಗಬೇಕು ಎಂಬುದನ್ನು ದಪ್ಪನೆಯ ಕಡತಗಳಲ್ಲಿ ವಾಕ್ಯಗಳಾಗಿ ಬರೆದಿಟ್ಟಿದ್ದರು. ತಮ್ಮ ತಮ್ಮ ಭಾಗವನ್ನು ಪ್ರತಿಯೊಬ್ಬ ಎಂಜಿನಿಯರೂ ಬಲ್ಲರು. ಒಟ್ಟಿನ ನಡವಳಿಕೆಯನ್ನು ಒಂದೆಡೆ ಕಾಣುವ ದಾರಿ ಮಾತ್ರ ಇರಲಿಲ್ಲ. ಸ್ಥಿತಿಗಳನ್ನು ವೃತ್ತಗಳಾಗಿಯೂ ಸ್ಥಿತಿಯಿಂದ ಸ್ಥಿತಿಗೆ ಹೋಗುವುದನ್ನು ಬಾಣಗಳಾಗಿಯೂ ಬರೆಯುವ ಹಳೆಯ ಪದ್ಧತಿಯೇನೋ ಇತ್ತು. ಆದರೆ ಅದನ್ನು ವಿಮಾನಕ್ಕೆ ಅನ್ವಯಿಸಿದರೆ ಯಾವ ಹಾಳೆಯೂ ಸಾಲುತ್ತಿರಲಿಲ್ಲ. ಹರೆಲ್ಲರು ಈ ಪದ್ಧತಿಯನ್ನು ತಿದ್ದಿ ‘ಸ್ಥಿತಿಪಟ’ಗಳೆಂಬ ಹೊಸ ಬಗೆಯ ಚಿತ್ರಗಳನ್ನು ರೂಪಿಸಿ ೧೯೮೭ರಲ್ಲಿ ಪ್ರಕಟಿಸಿದರು. ಅದೇ ವರ್ಷ ಲಾವಿ ವಿಮಾನದ ಯೋಜನೆಯನ್ನು ಸರ್ಕಾರವು ನಿಲ್ಲಿಸಿಬಿಟ್ಟಿತು. ವಿಮಾನವು ಸೈನ್ಯವನ್ನು ಸೇರಲಿಲ್ಲ, ಚಿತ್ರಪದ್ಧತಿ ಉಳಿದುಕೊಂಡಿತು. ಇಂದು ಯು.ಎಂ.ಎಲ್. ಭಾಷೆಯಲ್ಲಿರುವ ಸ್ಥಿತಿಚಿತ್ರಗಳು ಅದರಿಂದಲೇ ಬಂದವು.

ಹರೆಲ್ಲರು ತಮ್ಮ ಲೇಖನದಲ್ಲಿ ವಿಮಾನಕ್ಕೆ ಬದಲಾಗಿ ಒಂದು ಡಿಜಿಟಲ್ ಕೈಗಡಿಯಾರವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದಾರೆ. ನಾವೂ ಅವರನ್ನನುಸರಿಸಿ, ಅದಕ್ಕಿಂತ ಸರಳವಾದ ಒಂದು ಗಡಿಯಾರವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ವಾಚಕರು ಕಾಗದ ಪೆನ್ಸಿಲುಗಳನ್ನು ಹಿಡಿದು ಜೊತೆಗೆ ಬಂದರೆ ಒಳ್ಳೆಯದು. ನಮ್ಮ ಗಡಿಯಾರದ ಮುಖವು ನಾಲ್ಕು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ: ವೇಳೆ, ತಾರೀಖು, ಅಲಾರಮು, ನಿಲ್ಲುಗಡಿಯಾರ. ಒಂದು ಗುಂಡಿಯನ್ನು ಒತ್ತಿದಂತೆಲ್ಲ ಒಂದರಿಂದ ಮುಂದಿನದಕ್ಕೆ ಹೋಗುತ್ತದೆ. ಇದರ ಮೇಲೆ ಅಲಾರಮಿಗೆ ಒಂದು, ಗಂಟೆಗೊಮ್ಮೆ ಆಗುವ ಸದ್ದಿಗೆ ಒಂದು, ದೀಪಕ್ಕೆ ಒಂದು ಎಂದು ಮೂರು ಗುಂಡಿಗಳಿವೆ. ಅವುಗಳಲ್ಲಿ ಯಾವುದನ್ನು ಒತ್ತಿದರೂ ಆಯಾ ಅಂಗವು ಆರಿದ್ದರೆ ಹತ್ತುತ್ತದೆ, ಹತ್ತಿದ್ದರೆ ಆರುತ್ತದೆ.

ಹಳೆಯ ಪದ್ಧತಿಯಲ್ಲಿ ಗಡಿಯಾರದ ಒಟ್ಟು ಸ್ಥಿತಿಗೆ ಒಂದೊಂದು ವೃತ್ತ. ನಾಲ್ಕು ಮುಖಗಳು, ಮೂರು ಅಂಗಗಳಿಗೆ ಎರಡೆರಡು ಸ್ಥಿತಿಗಳು; ೪ × ೨ × ೨ × ೨ = ೩೨ ವೃತ್ತಗಳಾದುವು. ಪ್ರತಿಯೊಂದು ಸ್ಥಿತಿಯಲ್ಲಿಯೂ ನಾಲ್ಕು ಗುಂಡಿಗಳಲ್ಲಿ ಯಾವುದನ್ನು ಬೇಕಾದರೂ ಒತ್ತಬಹುದು. ಆದುದರಿಂದ ವೃತ್ತಕ್ಕೆ ನಾಲ್ಕರಂತೆ ೧೨೮ ಬಾಣಗಳು. ಬ್ಯಾಟರಿಯನ್ನು ಹೊರಗೆ ತೆಗೆದರೆ ಗಡಿಯಾರವು ಯಾವ ಸ್ಥಿತಿಯಲ್ಲಿದ್ದರೂ ನಿಂತುಹೋಗುತ್ತದೆ. ಅದಕ್ಕೆ ಇನ್ನೊಂದು ವೃತ್ತ, ಮತ್ತೆ ೩೨ ಬಾಣಗಳು. ಒಟ್ಟು ೩೩ ವೃತ್ತಗಳು, ೧೬೦ ಬಾಣಗಳು. ಇದು ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಒಂದು ಕೈಗಡಿಯಾರದ ಚಿತ್ರ!

ಹರೆಲ್ಲರ ಪದ್ಧತಿಯಲ್ಲಿ ಇದನ್ನೇ ಹೇಗೆ ಬರೆಯಬಹುದು? ಮೊದಲು ‘ಗಡಿಯಾರ ನಡೆಯುತ್ತಿದೆ’ ಎಂಬ ಒಂದು ದೊಡ್ಡ ಚೌಕವನ್ನು ಬರೆದು, ಚುಕ್ಕೆಗೆರೆಗಳಿಂದ ಅದನ್ನು ನಾಲ್ಕು ಪಟ್ಟಿಗಳಾಗಿ ವಿಂಗಡಿಸಬೇಕು. ಈ ಪಟ್ಟಿಗಳು ಏಕಕಾಲದಲ್ಲಿ, ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ನಡೆಯುತ್ತವೆಂದು ಅರ್ಥ. ಮೊದಲನೆಯ ಪಟ್ಟಿಯಲ್ಲಿ ನಾಲ್ಕು ಮುಖಗಳೂ ಅವನ್ನು ಸುತ್ತುಗಟ್ಟುವ ನಾಲ್ಕು ಬಾಣಗಳೂ. ಉಳಿದ ಮೂರರಲ್ಲಿ ಎರಡೆರಡು ಸ್ಥಿತಿಗಳು, ಎರಡೆರಡು ಬಾಣಗಳು. ಬ್ಯಾಟರಿಯ ವಿಷಯಕ್ಕೆ ದೊಡ್ಡ ಚೌಕದ ಹೊರ ಅಂಚಿನಿಂದ ‘ನಿಂತಿದೆ’ ಎಂಬ ಸ್ಥಿತಿಗೆ ಒಂದೇ ಒಂದು ಬಾಣ. ಅಂಚಿನಿಂದ ಹೊರಟ ಬಾಣವು ಒಳಗಿರುವ ಎಲ್ಲ ಸ್ಥಿತಿಗಳಿಗೂ ಅನ್ವಯಿಸುತ್ತದೆಂಬುದು ನಿಯಮ. ಎಣಿಸಿದರೆ ೧೧ ಸ್ಥಿತಿಗಳು, ೧೧ ಬಾಣಗಳು. ನೂರ ಅರುವತ್ತರಿಂದ ಹನ್ನೊಂದಕ್ಕೆ ಇಳಿದೆವು. ಇಷ್ಟಾದರೂ ಮೊದಲ ಚಿತ್ರದಲ್ಲಿದ್ದ ಒಂದು ಸಂಗತಿಯೂ ಇದರಲ್ಲಿ ಬಿಟ್ಟುಹೋಗಿಲ್ಲ. ಮೊದಲನೆಯದರಿಂದ ಎರಡನೆಯದನ್ನೂ ಎರಡನೆಯದರಿಂದ ಮೊದಲನೆಯದನ್ನೂ ಬರೆಯಬಹುದು. ಹಾಗಾದರೆ ಉಳಿದ ನೂರ ನಲವತ್ತೊಂಬತ್ತು ಬಾಣಗಳು ಹೇಳುತ್ತಿದ್ದುದೇನು? ದೀಪದ ಗುಂಡಿಗೂ ಅಲಾರಮಿಗೂ ಸಂಬಂಧವಿಲ್ಲವೆಂಬ ಒಂದೇ ಮಾತನ್ನು ಅವು ಮತ್ತೆ ಮತ್ತೆ, ಬೇರೆ ಬೇರೆ ಜಾಗಗಳಲ್ಲಿ ಹೇಳುತ್ತಿದ್ದವು. ಗಡಿಯಾರಕ್ಕೆ ಇಂತಹ ಸ್ವತಂತ್ರವಾದ ಗುಂಡಿ ಇನ್ನೊಂದು ಬಂದರೆ ಹಳೆಯ ಚಿತ್ರದ ವೃತ್ತಗಳು ಇಮ್ಮಡಿಯಾಗುತ್ತವೆ; ಹೊಸದರಲ್ಲಿ ಎರಡು ಸ್ಥಿತಿಗಳು ಮಾತ್ರ ಕೂಡುತ್ತವೆ. ಹತ್ತು ಗುಂಡಿಗಳಿಗೆ ಒಂದರಲ್ಲಿ ೧೦೨೪, ಇನ್ನೊಂದರಲ್ಲಿ ೨೦.

ಈ ಲೆಕ್ಕವನ್ನು ನಾವು ಇಷ್ಟು ವಿಸ್ತಾರವಾಗಿ ಮಾಡಿದುದಕ್ಕೆ ಕಾರಣವಿದೆ. ಚಿತ್ರದಲ್ಲಿ ಗೆರೆಗಳು ಹೆಚ್ಚಿದ್ದರೆ ತಿಳಿವಳಿಕೆಯೂ ಹೆಚ್ಚಿರಲೇಬೇಕೆಂದು ನಂಬಿರುವವರಿಗೆ ಕೈಗಡಿಯಾರವೊಂದೇ ಸಾಕಾದ ಉತ್ತರ.

ಎಲ್ಲ ಗೋಜಲನ್ನೂ ಇಷ್ಟು ಸುಲಭವಾಗಿ, ಏನನ್ನೂ ಕಳೆದುಕೊಳ್ಳದೆ ನಿವಾರಿಸಲಾಗುವುದಿಲ್ಲ. ಕೆಲವೆಡೆ ನಿಜವಾಗಿಯೂ ಏನನ್ನಾದರೂ ತ್ಯಜಿಸಬೇಕಾಗುತ್ತದೆ. ಇದಕ್ಕೆ ಲಂಡನ್ ನಗರದ ಸುರಂಗರೈಲಿನ ನಕ್ಷೆಯು ಪ್ರಸಿದ್ಧ ದೃಷ್ಟಾಂತ. ಹ್ಯಾರಿ ಬೆಕ್ ಎಂಬ ನಕಾಶೆಗಾರನು ೧೯೩೧ರಲ್ಲಿ ಆ ನಕ್ಷೆಯನ್ನು ಹೊಸ ರೀತಿಯಲ್ಲಿ ಬರೆದನು. ರೈಲುದಾರಿಗಳ ನಿಜವಾದ ಅಂಕುಡೊಂಕುಗಳನ್ನು ಬಿಟ್ಟು, ಅಡ್ಡ, ಉದ್ದ ಹಾಗೂ ೪೫ ಡಿಗ್ರಿಯ ಓರೆ ಗೆರೆಗಳನ್ನು ಮಾತ್ರ ಉಳಿಸಿಕೊಂಡನು. ನಿಲ್ದಾಣಗಳ ನಡುವಿನ ದೂರಗಳನ್ನೂ ಲೆಕ್ಕಿಸಲಿಲ್ಲ. ಭೂಮಿಯ ಮೇಲಿನ ವಸ್ತುಗಳಲ್ಲಿ ಥೇಮ್ಸ್ ನದಿಯೊಂದೇ, ಅದೂ ನೇರಗೊಂಡು, ಉಳಿಯಿತು. ಇದು ಅತಿಯಾಯಿತೆಂದು ಅಧಿಕಾರಿಗಳು ಮೊದಲು ತಿರಸ್ಕರಿಸಿದರು. ೧೯೩೩ರಲ್ಲಿ ಅಚ್ಚಾಗಿ ಜನರ ಕೈಗೆ ಬಂದಾಗ ಜನರು ಮೆಚ್ಚಿಕೊಂಡರು. ರೈಲಿನಲ್ಲಿ ಕುಳಿತವನಿಗೆ ದಾರಿ ಎಲ್ಲಿ ಬಾಗುತ್ತದೆಂಬುದು ಬೇಕಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು, ಎಲ್ಲಿ ಇಳಿಯಬೇಕೆಂಬುದು ಬೇಕು. ಬೆಕ್ ಆ ಒಂದು ಪ್ರಶ್ನೆಗೆ ಉತ್ತರ ಬರೆದನು.

ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ. ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ಎಂಬ ನಿಲ್ದಾಣಗಳ ನಡುವೆ ಇರುವುದು ಸುಮಾರು ಕಾಲು ಕಿಲೋಮೀಟರು ಮಾತ್ರ. ನಕ್ಷೆಯನ್ನಷ್ಟೇ ನಂಬಿದ ಹೊಸಬನು ನಾಲ್ಕು ನಿಮಿಷ ನಡೆದರೆ ಮುಗಿಯುವ ದಾರಿಗೆ ಟಿಕೆಟು ಕೊಂಡು, ಪಾತಾಳಕ್ಕಿಳಿದು, ಮತ್ತೆ ಮೇಲಕ್ಕೆ ಬರುತ್ತಾನೆ. ಬಿಟ್ಟುದರಲ್ಲಿ ತಪ್ಪಿಲ್ಲ. ಬಿಟ್ಟಿದ್ದೇನೆಂದು ನೋಡುವವನಿಗೆ ತಿಳಿಯದಿದ್ದರೆ ಮಾತ್ರ ಅವನಿಗೆ ಮೋಸವಾಗುತ್ತದೆ. ಯು.ಎಂ.ಎಲ್. ರೂಪಿಸಿದವರು ಈ ಸೂಕ್ಷ್ಮವನ್ನು ಅರಿತಿದ್ದರೆಂದು ಕಾಣುತ್ತದೆ. ಚೌಕದೊಳಗಿನ ವಿವರಗಳ ಅಂಕಣವನ್ನು ಬರೆಯದೆ ಬಿಡಲು ಅವರು ಅನುಮತಿ ಕೊಟ್ಟಿದ್ದಾರೆ. ಹಾಗೆ ಬಿಟ್ಟಿದ್ದರೆ ವಿವರಗಳು ಇವೆಯೆಂದಾಗಲಿ ಇಲ್ಲವೆಂದಾಗಲಿ ಊಹಿಸಕೂಡದು ಎಂದೂ ವಿಧಿಸಿದ್ದಾರೆ. ಈ ಅನುಮತಿಯನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರಾದರೂ ತಿಳಿಸಿದ್ದಾರೆಯೇ? ನಾವು ವಿಚಾರಿಸಿದವರಲ್ಲಿ ಬಹುಮಂದಿ, ಖಾಲಿ ಚೌಕವನ್ನು ಬರೆದರೆ ಅಂಕ ಕಳೆಯುತ್ತಾರೆಂದೇ ನಂಬಿದ್ದರು.

ಇನ್ನು ಗೆರೆಗಳು ಒಂದರ ಮೇಲೊಂದು ಹಾಯುವ ವಿಷಯ. ೧೯೯೭ರಲ್ಲಿ ಹೆಲೆನ್ ಪರ್ಚೇಸ್ ಎಂಬ ಸಂಶೋಧಕಿಯು ಒಂದೇ ಸಂಬಂಧಜಾಲವನ್ನು ಬೇರೆ ಬೇರೆ ರೀತಿಯಲ್ಲಿ ಬರೆದು, ಜನರಿಗೆ ತೋರಿಸಿ, ಪ್ರಶ್ನೆಗಳನ್ನು ಕೇಳಿ ಪರೀಕ್ಷಿಸಿದರು. ಗೆರೆಗಳ ಬಾಗು, ಚಿತ್ರದ ಎಡಬಲ ಸಮತೆ ಮೊದಲಾದ ಗುಣಗಳಿಗಿಂತ ಗೆರೆಗಳ ಅಡ್ಡಹಾಯುವಿಕೆಯೇ ಗ್ರಹಿಕೆಗೆ ಹೆಚ್ಚು ತೊಡಕೆಂದು ಕಂಡುಬಂದಿತು. ಇದನ್ನು ತಪ್ಪಿಸಲು ಚೌಕಗಳನ್ನು ಅತ್ತಿತ್ತ ಸರಿಸಿದರೆ ಸಾಕಲ್ಲವೇ? ಯಾವಾಗಲೂ ಸಾಲದು. ಮೂರು ಮನೆಗಳಿಂದ ಮೂರು ಬಾವಿಗಳಿಗೆ, ಪ್ರತಿಯೊಂದು ಮನೆಯಿಂದ ಪ್ರತಿಯೊಂದು ಬಾವಿಗೂ, ದಾರಿಗಳು ಒಂದನ್ನೊಂದು ದಾಟದಂತೆ ಹಾದಿ ಮಾಡಬೇಕೆಂಬ ಹಳೆಯ ಒಗಟನ್ನು ಯಾರೂ ಬಿಡಿಸಲಾರರೆಂದು ಗಣಿತದಿಂದ ಸಿದ್ಧವಾಗಿದೆ. ಆಯ್ಲರನ ಸೂತ್ರದಿಂದ ಇನ್ನೊಂದು ಮಿತಿಯೂ ದೊರೆಯುತ್ತದೆ. ಗೆರೆಗಳು ಹಾಯದಂತೆ ಬರೆಯಬೇಕಾದರೆ, ಚೌಕಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಆರನ್ನು ಕಳೆದರೆ ಎಷ್ಟೋ ಅಷ್ಟಕ್ಕಿಂತ ಹೆಚ್ಚು ಗೆರೆಗಳು ಇರಲಾರವು. ಹತ್ತು ಚೌಕಗಳಿಗೆ ೨೪. ಹತ್ತು ಚೌಕಗಳ ನಡುವೆ ಎಳೆಯಬಹುದಾದ ಗೆರೆಗಳೋ ೪೫. ಹಾಯುವುದು ಅನಿವಾರ್ಯವಾದಾಗ ಅದನ್ನು ಅತ್ಯಂತ ಕಡಿಮೆ ಮಾಡುವುದೂ ಸುಲಭವಲ್ಲ. ದೊಡ್ಡ ಚಿತ್ರಗಳೆಲ್ಲಕ್ಕೂ ಸಲ್ಲುವ ಶೀಘ್ರವಾದ ವಿಧಾನವು ತಿಳಿದಿಲ್ಲದ ಕಠಿನ ಸಮಸ್ಯೆಗಳ ಸಾಲಿಗೆ ಇದು ಸೇರುತ್ತದೆಂದು ೧೯೮೩ರಲ್ಲಿ ಗ್ಯಾರಿ ಮತ್ತು ಜಾನ್ಸನ್ ತೋರಿಸಿಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಹೋದರೆ ನಮ್ಮ ವಾದವು ಅರ್ಧಸತ್ಯವಾದೀತು. ಹತ್ತು ಚೌಕಗಳ ಚಿತ್ರದಲ್ಲಿ ನಲವತ್ತು ಗೆರೆಗಳಿದ್ದರೆ, ಒಮ್ಮೊಮ್ಮೆ ಆ ದೋಷವು ಚಿತ್ರದ್ದಾಗಿರುವುದಿಲ್ಲ. ಪ್ರೋಗ್ರಾಮೇ ಸಿಕ್ಕುಸಿಕ್ಕಾಗಿರುತ್ತದೆ, ಒಂದು ಭಾಗವನ್ನು ಮುಟ್ಟಿದರೆ ಒಂಬತ್ತು ಭಾಗಗಳು ಅಲುಗುವಂತೆ ಕಟ್ಟಿರುತ್ತಾರೆ. ಆಗ ಗೆರೆಗಳನ್ನು ಅಡಗಿಸಿ ಚಿತ್ರವನ್ನು ಅಂದಗೊಳಿಸುವುದೆಂದರೆ ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದಂತೆ. ೧೯೭೨ರಲ್ಲಿ ಡೇವಿಡ್ ಪಾರ್ನಸ್ ಬರೆದ ಪ್ರಸಿದ್ಧ ಲೇಖನವೊಂದಿದೆ. ಪ್ರೋಗ್ರಾಮಿನ ಪ್ರತಿಯೊಂದು ಭಾಗವೂ ಮುಂದೆ ಬದಲಾಗಬಹುದಾದ ಒಂದು ನಿರ್ಧಾರವನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡು, ಇತರ ಭಾಗಗಳಿಗೆ ಅದು ತಿಳಿಯದಂತೆ ಇರಬೇಕೆಂದು ಅವರು ವಾದಿಸಿದ್ದಾರೆ. ಹಾಗೆ ಕಟ್ಟಿದ ಪ್ರೋಗ್ರಾಮಿನಲ್ಲಿ ಗೆರೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಆದುದರಿಂದ ಗೋಜಲಾದ ಚಿತ್ರವನ್ನು ಕಂಡಾಗ ಮೊದಲು ಕೇಳಬೇಕಾದುದು, ಈ ಗೋಜಲು ಬರೆದುದರಲ್ಲಿದೆಯೋ ಕಟ್ಟಿದುದರಲ್ಲಿದೆಯೋ ಎಂಬುದನ್ನು. ಭಾಗಗಳನ್ನು ಹೇಗೆ ಸರಿಸಿದರೂ, ಸಾಮಾನ್ಯ ‘ಭೂಮಿ’ಗಳನ್ನು ತೆಗೆದರೂ ಸಿಕ್ಕು ಬಿಡದಿದ್ದರೆ, ಪೆನ್ಸಿಲನ್ನು ಕೆಳಗಿಟ್ಟು ಪ್ರೋಗ್ರಾಮನ್ನು ತಿದ್ದಲು ಹೊರಡುವುದೇ ಸರಿ. ಇಂತಹ ಸಮಯದಲ್ಲಿ ಒರಟಾದ ಚಿತ್ರವು ಉಪಕಾರವನ್ನೇ ಮಾಡಿರುತ್ತದೆ.

ಒಂದು ಚಿತ್ರದಲ್ಲಿ ಏಳಕ್ಕಿಂತ ಹೆಚ್ಚು ಚೌಕಗಳಿರಬಾರದು ಎಂಬ ನಿಯಮವನ್ನು ಕೆಲವು ಪುಸ್ತಕಗಳು ಹೇಳುತ್ತವೆ. ೧೯೫೬ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞನು ಬರೆದ ಲೇಖನವನ್ನು ಅದಕ್ಕೆ ಆಧಾರವೆಂದು ತೋರಿಸುತ್ತವೆ. ಮಿಲ್ಲರನು ಪರಿಶೀಲಿಸಿದುದು ಒಮ್ಮೆ ಕೇಳಿದುದನ್ನು ಅಥವಾ ಕಂಡುದನ್ನು ಮನಸ್ಸು ಎಷ್ಟರಮಟ್ಟಿಗೆ ಹಿಡಿದಿಡಬಲ್ಲುದು, ಬೇರ್ಪಡಿಸಬಲ್ಲುದು ಎಂಬುದನ್ನು. ಚಿತ್ರವಾದರೋ ಕಣ್ಣೆದುರಿಗೇ ಇರುತ್ತದೆ. ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆದುದರಿಂದ ಏಳೆಂಬ ಸಂಖ್ಯೆಗೆ ಮಂತ್ರಶಕ್ತಿಯನ್ನು ಆರೋಪಿಸುವುದು ನಮಗೆ ಒಪ್ಪಿಗೆಯಿಲ್ಲ. ಒಂದೇ ಪ್ರಶ್ನೆಗೆ ಸಂಬಂಧಿಸಿದ ಹದಿನೈದು ಚೌಕಗಳ ಚಿತ್ರವು ನಿಚ್ಚಳವಾಗಿರಬಹುದು. ಮೂರು ಪ್ರಶ್ನೆಗಳನ್ನು ಬೆರೆಸಿದ ಆರು ಚೌಕಗಳ ಚಿತ್ರವೂ ಕಗ್ಗಂಟಾಗಿರಬಹುದು. ಬಣ್ಣಗಳ ವಿಷಯದಲ್ಲಿಯೂ ಒಂದು ಮಾತು. ಕೆಂಪು ಹಸುರುಗಳ ಭೇದವನ್ನು ಕಾಣಲಾರದ ಕಣ್ಣುಗಳು ಅಪರೂಪವೇನಲ್ಲ. ಅದು ಹಾಗಿರಲಿ, ವರದಿಯನ್ನು ಜೆರಾಕ್ಸ್ ಮಾಡಿಸಿದ ದಿನ ಬಣ್ಣಗಳೆಲ್ಲವೂ ಒಂದೇ ಬೂದಿಯಾಗುತ್ತವೆ.

‘ವಿವರಗಳೆಲ್ಲವೂ ಎಲ್ಲಿಯಾದರೂ ಇರಲೇಬೇಕಲ್ಲವೇ?’ ಎಂದು ಕೇಳುವವರಿಗೆ, ಇರಬೇಕು, ಪ್ರೋಗ್ರಾಮಿನಲ್ಲಿ ಇವೆಯಲ್ಲ, ಎನ್ನುತ್ತೇವೆ. ಚಿತ್ರವು ಅದರ ಇನ್ನೊಂದು ನಕಲಾದರೆ ಪ್ರಯೋಜನವೇನು? ಭಾರತದ ಸರ್ವೇಕ್ಷಣಾ ಇಲಾಖೆಯ ಭೂಪಟಗಳನ್ನು ಭೂಗೋಳದ ತರಗತಿಯಲ್ಲಿ ನೋಡಿದವರಿಗೆ ಇದು ಹೊಸ ವಿಚಾರವಲ್ಲ. ೧ : ೫೦,೦೦೦ ಪ್ರಮಾಣದ ಹಾಳೆಯಲ್ಲಿ ಕಾಲುದಾರಿ, ಬಾವಿ, ಗುಡಿಗಳೂ ಕಾಣುತ್ತವೆ. ಅಂತಹ ೧೬ ಹಾಳೆಗಳ ನೆಲವು ೧ : ೨,೫೦,೦೦೦ ಪ್ರಮಾಣದ ಒಂದು ಹಾಳೆಯಲ್ಲಿ ಅಡಗಬೇಕಾದಾಗ ಬಾವಿಗಳು ಮಾಯವಾಗಿ ಹೆದ್ದಾರಿಗಳೂ ಪಟ್ಟಣಗಳೂ ಉಳಿಯುತ್ತವೆ. ಹದಿನಾರನ್ನೂ ಚಿಕ್ಕದಾಗಿಸಿ ಅಂಟಿಸಿದರೆ ದೊಡ್ಡ ಪ್ರದೇಶದ ಭೂಪಟವಾಗುವುದಿಲ್ಲ. ತಂತ್ರಾಂಶಕ್ಕೂ ಹೀಗೆ ದೂರದಿಂದ ಒಂದು, ಸಮೀಪದಿಂದ ಒಂದು, ಇನ್ನೂ ಸಮೀಪದಿಂದ ಒಂದು ಎಂದು ಬೇರೆ ಬೇರೆ ಹಾಳೆಗಳನ್ನು ಬರೆಯುವ ಪದ್ಧತಿಗಳಿವೆ. ಸೈಮನ್ ಬ್ರೌನ್ ರೂಪಿಸಿದ ನಾಲ್ಕು ಹಂತಗಳ ಪದ್ಧತಿ ಇವುಗಳಲ್ಲಿ ಒಂದು.

ಪರೀಕ್ಷಕರೂ ಅಧ್ಯಾಪಕರೂ ಮಾಡಬಹುದಾದ ಒಂದು ಸಣ್ಣ ಏರ್ಪಾಡನ್ನು ಇಲ್ಲಿ ಸೂಚಿಸುತ್ತೇವೆ. ಪ್ರತಿಯೊಂದು ಚಿತ್ರದ ತಲೆಯ ಮೇಲೆ ಅದು ಉತ್ತರಿಸುವ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಬೇಕೆಂದೂ, ಅಡಿಯಲ್ಲಿ ಏನೇನನ್ನು ಬಿಡಲಾಗಿದೆಯೆಂದು ಇನ್ನೊಂದು ವಾಕ್ಯದಲ್ಲಿ ಹೇಳಬೇಕೆಂದೂ ವಿಧಿಸೋಣ. ಅಂಕಗಳಲ್ಲಿ ಒಂದು ಪಾಲನ್ನು ಈ ಎರಡು ವಾಕ್ಯಗಳಿಗೆ ಮೀಸಲಿಡೋಣ. ಮೇಲಿನ ವಾಕ್ಯಕ್ಕೆ ಸಂಬಂಧಿಸದ ಗೆರೆಯೊಂದು ಕಂಡರೆ, ಅದು ಎಷ್ಟೇ ನಿಜವಾಗಿರಲಿ, ಅದಕ್ಕಾಗಿ ಅಂಕ ಕಳೆಯೋಣ. 

ನಾವು ಆ ನಾಲ್ವರು ವಿದ್ಯಾರ್ಥಿಗಳನ್ನು ಆಮೇಲೆ ಮತ್ತೊಮ್ಮೆ ಕಂಡು, ಅವರ ಅನುಮತಿಯಿಂದಲೇ ಹಳೆಯ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಮಧ್ಯಾಹ್ನ ಕುಳಿತೆವು. ‘ಒಂದು ಪುಸ್ತಕ ಭಂಡಾರದಿಂದ ಹೊರಗೆ ಹೋಗಿ ಹಿಂದಕ್ಕೆ ಬರುವುದು ಹೇಗೆ?’ ಎಂಬ ಪ್ರಶ್ನೆಯನ್ನು ಮೇಲೆ ಬರೆದು, ಅದಕ್ಕೆ ಬೇಕಾದ ಚೌಕಗಳನ್ನಷ್ಟೇ ಹೊಸ ಹಾಳೆಗೆ ಇಳಿಸುತ್ತಾ ಹೋದರು. ಸದಸ್ಯ, ಎರವಲು, ದಂಡ, ಪುಸ್ತಕ ಎಂದು ನಾಲ್ಕು ಚೌಕಗಳಾದುವು. ಎರವಲಿನಿಂದ ಪುಸ್ತಕಕ್ಕೆ ಗೆರೆ ಎಳೆದು, ಒಂದು ಪುಸ್ತಕಕ್ಕೆ ಏಕಕಾಲದಲ್ಲಿ ಎಷ್ಟು ಎರವಲುಗಳಿರಬಹುದು ಎಂದು ಸಂಖ್ಯೆ ಬರೆಯಬೇಕಾದ ಜಾಗಕ್ಕೆ ಬಂದೊಡನೆಯೇ ಒಬ್ಬ ಹುಡುಗಿಯ ಕೈ ನಿಂತಿತು. ಒಂದು ಎಂದು ಬರೆದಳು, ಅಳಿಸಿದಳು. ಮೂರು ಎಂದು ಬರೆದಳು, ಅದನ್ನೂ ಅಳಿಸಿದಳು. "ಸರ್, ಇಲ್ಲಿ ನಡುವೆ ಇನ್ನೊಂದು ಚೌಕ ಬೇಕು" ಎಂದಳು. ಹಳೆಯ ಹಾಳೆಯಲ್ಲಿ ಅದೇ ಗೆರೆಯನ್ನು ಹುಡುಕಲು ನಮಗೆ ಸುಮಾರು ಹತ್ತು ನಿಮಿಷಗಳು ಹಿಡಿದುವು. ಅದರ ಪಕ್ಕದಲ್ಲಿಯೇ ‘ದಂಡ’ದ ಚೌಕದಿಂದ ಹೊರಟು ಮುದ್ರಣದ ಚೌಕವನ್ನು ಸೇರುವ ಇನ್ನೊಂದು ಕೆಂಪು ಗೆರೆ ಇತ್ತು. ಅದು ಅಲ್ಲಿ ಏಕಿದೆಯೆಂಬುದು ನಾಲ್ವರಲ್ಲಿ ಯಾರಿಗೂ ನೆನಪಾಗಲಿಲ್ಲ.